ವಾಷಿಂಗ್ ಮಷೀನಿನಲ್ಲಿ ಹುಳಿಗೋಸು

ಆ ವರ್ಷದ ಅಕ್ಟೋಬರಿನಲ್ಲಿ ನಾನು ನನ್ನ ಹೆಂಡತಿ ಸೆವ್ದಾಳ ಮುಂದೆ ಎದೆ ತಟ್ಟಿಕೊಂಡು ಒಂದು ಘೋಷಣೆ ಮಾಡಿದೆ: "ಈ ಚಳಿಗಾಲ ಮುಗಿಯೋವರೆಗೆ ಅಂಗಡಿಯಿಂದ ನಮ್ಮನೆಗೆ ಹಿಟ್ಟು, ಅಕ್ಕಿ, ಎಣ್ಣೆ, ಉಪ್ಪು ಬಿಟ್ಟರೆ ಬೇರೇನೂ ಬರಕೂಡದು. ಉಳಿದಿದ್ದೆಲ್ಲಾ ಈ ಎರಡು ಕೈಯಿಂದ."

ಸೆವ್ದಾ ಆ ಎರಡು ಕೈಗಳನ್ನೂ ನೋಡಿದಳು. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹಿಂದಿನ ದಿನ ಅವಳ ಹಳೆಯ ಕೋಟನ್ನು ಕತ್ತರಿಸಿ ಮಕ್ಕಳಿಗೆ ಮನೆಯೊಳಗೆ ಮೆಟ್ಟಲು ಚಪ್ಪಲಿ ಹೊಲಿಯಲು ಹೋಗಿ ಆದ ಗಾಯ. ಕೋಟು ಅಷ್ಟೇನೂ ಹಳೆಯದಲ್ಲ ಎಂಬುದು ಕತ್ತರಿಸಿದ ಮೇಲೆ ಗೊತ್ತಾಗಿತ್ತು.

"ನಿನ್ನ ಮಗಳು ಒಂದು ಮಾತು ಕೇಳಿದ್ಲು. ನಿಂಗೆ ಹೇಳ್ಲೋ ಬೇಡ್ವೋ ಅಂತಿದ್ದೆ," ಎಂದಳು.

"ಏನಂತೆ?"

"'ಅಮ್ಮಾ, ಇವತ್ತು ಊಟ ಇದೆಯಾ, ಇಲ್ಲಾ ಅಪ್ಪ ಅಡುಗೆ ಮಾಡಿದಾರಾ?' ಅಂತ."

ಮಗಳು ಬಿಲ್ಯಾನಾಗೆ ಆಗ ಐದು ವರ್ಷ. ಅವಳ ತಮ್ಮ ಕಾಮೆನ್‌ಗೆ ಹತ್ತು ತಿಂಗಳು. ಅವನಿಗೆ ಹಲ್ಲೂ ಬಂದಿರಲಿಲ್ಲ, ಅಭಿಪ್ರಾಯಗಳೂ ಬಂದಿರಲಿಲ್ಲ. ಹಾಗಾಗಿ ನನ್ನ ಅಡುಗೆಯನ್ನು ತಕರಾರಿಲ್ಲದೆ ಉಣ್ಣುತ್ತಿದ್ದವನು ಅವನೊಬ್ಬನೇ.

ನಮ್ಮ ಗಾಬ್ರೊವೊ ಊರಿನವರ ಜಿಪುಣತನವೆಂದರೆ ಇಡೀ ಬಲ್ಗೇರಿಯಾಕ್ಕೆ ನಗೆ. ಆದರೆ ಆ ವರ್ಷ ನಾವು ಜಿಪುಣರಾದದ್ದು ಊರಿನ ಗುಣದಿಂದಲ್ಲ. ಹನ್ನೊಂದು ವರ್ಷ ನಾನು ಮಗ್ಗ ರಿಪೇರಿ ಮಾಡಿದ ಬಟ್ಟೆ ಗಿರಣಿಗೆ ಜೂನ್ ತಿಂಗಳಲ್ಲಿ ಬೀಗ ಬಿದ್ದಿತ್ತು. ಸೆವ್ದಾ ಬೂಟು ಹೊಲಿಯುವ ಕಾರ್ಖಾನೆಗೆ ಬೆಳಗ್ಗೆ ಹೋದರೆ ಸಂಜೆ ಬರುತ್ತಿದ್ದಳು. ಮನೆ, ಮಕ್ಕಳು, ಒಲೆ ಮೂರೂ ನನ್ನ ಪಾಲಿಗೆ. ಮೆಕ್ಯಾನಿಕ್ ಆಗಿದ್ದವನು ಸುಮ್ಮನೆ ಸೌಟು ಹಿಡಿದು ನಿಂತಿದ್ದಾನೆ ಅನ್ನಿಸಿಕೊಳ್ಳಲು ನನಗೆ ನಾಚಿಕೆ. ಅಡುಗೆಮನೆಯನ್ನೇ ಗಿರಣಿ ಮಾಡಿಕೊಂಡೆ. ಓಕ್ ಮರದ ಕಾಯಿ ಹುರಿದು ಕಾಫಿ ಮಾಡಿದೆ. ಕುಡಿದ ಸೆವ್ದಾ ಒಂದು ವಾರ ಕಾಫಿಯ ಹೆಸರೆತ್ತಲಿಲ್ಲ, ಅದೂ ಉಳಿತಾಯವೇ. ಕಾಡುಗುಲಾಬಿ ಹಣ್ಣಿನ ಜಾಮ್ ಮಾಡಿದೆ. ಒಳಗಿನ ನವಿರಾದ ರೋಮ ತೆಗೆಯಬೇಕೆಂದು ಗೊತ್ತಿರಲಿಲ್ಲ, ಮೂರು ದಿನ ಮನೆಮಂದಿಯೆಲ್ಲ ಗಂಟಲು ಕೆರೆದುಕೊಂಡೆವು. ಹಳೆ ಪರದೆಯಿಂದ ಕಾಮೆನ್‌ಗೆ ಪೈಜಾಮ ಹೊಲಿದೆ. ಅವನು ಕಿಟಕಿಯ ಹತ್ತಿರ ಕುಳಿತರೆ ಮಗು ಯಾವುದು, ಪರದೆ ಯಾವುದು ಎಂದು ಹುಡುಕಬೇಕಾಗುತ್ತಿತ್ತು.

ಇದೆಲ್ಲ ಪೀಠಿಕೆ. ನಮ್ಮಲ್ಲಿ ಚಳಿಗಾಲವೆಂದರೆ ಹುಳಿಗೋಸು. ಇಡೀ ಎಲೆಕೋಸುಗಳನ್ನು ಪೀಪಾಯಿಯಲ್ಲಿ ಉಪ್ಪುನೀರು ತುಂಬಿ ಮುಳುಗಿಸಿಡಬೇಕು. ಒಂದೆರಡು ದಿನಕ್ಕೊಮ್ಮೆ ತಳದ ನೀರನ್ನು ತೆಗೆದು ಮೇಲಿನಿಂದ ಸುರಿಯಬೇಕು, ಇಲ್ಲವಾದರೆ ಕೊಳೆಯುತ್ತದೆ. ಹುಳಿ ಬಂದ ಮೇಲೆ ಮಾರ್ಚ್‌ವರೆಗೆ ಊಟಕ್ಕೆ ಚಿಂತೆಯಿಲ್ಲ. ಹಳ್ಳಿಯಲ್ಲಿದ್ದ ನನ್ನ ಭಾವನ ನೀರಿನ ಪಂಪು ರಿಪೇರಿ ಮಾಡಿಕೊಟ್ಟು ಮೂವತ್ತು ಕೋಸು ತಂದಿದ್ದೆ. ಪೀಪಾಯಿ ಇರಲಿಲ್ಲ. ಬಾಲ್ಕನಿಯಲ್ಲಿ ಮೋಟಾರು ಕೆಟ್ಟ ಹಳೆಯ ವಾಷಿಂಗ್ ಮಷೀನು ಇತ್ತು. ಅದರ ತೊಟ್ಟಿ ಅಗಲ, ತಳದಲ್ಲಿ ನೀರು ಹೊರಹೋಗುವ ಕೊಳವೆ, ಆ ಕೊಳವೆಗೆ ಇನ್ನೂ ಓಡುವ ಒಂದು ಪುಟ್ಟ ಪಂಪು. ಯಾರೋ ಮಹಾನುಭಾವ ಅದನ್ನು ಕೋಸಿಗೆಂದೇ ಕಂಡುಹಿಡಿದಿದ್ದ. ಅಂಗಡಿಯವರು ತಪ್ಪಾಗಿ ಬಟ್ಟೆಗೆಂದು ಮಾರಿದ್ದರು. ಕೊಳವೆಯ ತುದಿಯನ್ನು ಮೇಲಕ್ಕೆ ತಿರುಗಿಸಿ ಕಟ್ಟಿದೆ. ಗುಂಡಿ ಒತ್ತಿದರೆ ತಳದ ನೀರು ತಾನಾಗಿ ಮೇಲಿಂದ ಸುರಿಯತೊಡಗಿತು.

"ಅದ್ರಲ್ಲಿ ಕಾಮೆನ್‌ನ ಚಡ್ಡಿ ಒಗೀತಿದ್ವಿ," ಎಂದಳು ಸೆವ್ದಾ.

"ಏಳು ಸಲ ತೊಳೆದಿದೀನಿ."

"ಸೋಪಿನ ವಾಸನೆ ಬಂದ್ರೆ?"

"ತಿಂದವರ ಹೊಟ್ಟೆ ಶುದ್ಧ ಆಗುತ್ತೆ."

ಎರಡು ವಾರ ನಾನು ನಮ್ಮ ಕಟ್ಟಡದ ವಿಜ್ಞಾನಿಯಾಗಿದ್ದೆ. ಅಕ್ಕಪಕ್ಕದವರು ಬಂದು ನೋಡಿದರು. ನೆಲ ಅಂತಸ್ತಿನ ಒಬ್ಬ ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು. ಭಕ್ತಿಯಿಂದ ಎಂದು ನಾನು ತಿಳಿದೆ. ಉಪ್ಪು, ಹುಳಿ ಎರಡೂ ಸೇರಿದರೆ ರಬ್ಬರಿಗೆ ಏನಾಗುತ್ತದೆ ಎಂದು ಒಬ್ಬ ಮೆಕ್ಯಾನಿಕ್‌ಗೆ ಗೊತ್ತಿರಬೇಕಿತ್ತು. ಮೂರನೇ ವಾರದ ಗುರುವಾರ ಬೆಳಗ್ಗೆ ತೊಟ್ಟಿಯ ಅಡಿಯ ರಬ್ಬರ್ ಬಳೆ ಸೋರಲು ಶುರುವಾಯಿತು. ನೀರು ಬಾಲ್ಕನಿಯ ಅಂಚಿನಿಂದ ಕೆಳಗಿನ ಬಾಲ್ಕನಿಗೆ ಇಳಿಯಿತು.

ನಮ್ಮದು ನಾಲ್ಕನೇ ಅಂತಸ್ತು. ಕೆಳಗೆ ಮೂರನೆಯದರಲ್ಲಿ ಇಗ್ನಾತ್ ತಾತ. ಮರಗೆಲಸದ ಮೇಷ್ಟ್ರಾಗಿ ನಿವೃತ್ತರಾದವರು, ಎಪ್ಪತ್ತೆಂಟು ವರ್ಷ, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಅವರು ನಮ್ಮೊಂದಿಗೆ ಹೆಚ್ಚಾಗಿ ಮಾತಾಡುತ್ತಿದ್ದುದು ಊರುಗೋಲಿನಿಂದ. ಮನೆ ಬೆಚ್ಚಗಿಡುವ ರೇಡಿಯೇಟರಿನ ಕೊಳವೆ ಎಲ್ಲ ಅಂತಸ್ತುಗಳನ್ನೂ ಹಾದು ಹೋಗುತ್ತದಲ್ಲ, ಬಿಲ್ಯಾನಾ ಓಡಿದರೆ ಅದರ ಮೇಲೆ ಟಣ್, ಕಾಮೆನ್ ಅತ್ತರೆ ಟಣ್ ಟಣ್. ಅಂದು ಮಾತ್ರ ಬಾಲ್ಕನಿಗೆ ಬಂದು ಕತ್ತೆತ್ತಿ ಬಾಯಿಂದಲೇ ಕೇಳಿದರು.

"ಏನಯ್ಯಾ ಗಂಚೊ, ಮೇಲಿಂದ ಏನು ಸುರೀತಾ ಇದೆ?"

"ಹಿಮ ಕರಗ್ತಾ ಇರ್ಬೇಕು ತಾತ."

"ಹಿಮ ಇನ್ನೂ ಬಿದ್ದೇ ಇಲ್ವಲ್ಲೋ. ಅದೂ ಕೋಸಿನ ವಾಸನೆ ಹಿಮ."

"ಇವತ್ತೇ ಸರಿ ಮಾಡ್ತೀನಿ."

"ನಿನ್ನ ಇವತ್ತು ಯಾವತ್ತು ಬರುತ್ತೆ ಅಂತ ಹೇಳು, ಬಕೆಟ್ ಇಟ್ಕೋತೀನಿ."

ಸರಿ ಮಾಡಬೇಕೆಂದರೆ ತೊಟ್ಟಿ ಖಾಲಿ ಮಾಡಬೇಕು. ಖಾಲಿ ಮಾಡಿದರೆ ಕೋಸು ಹಾಳು. ಕರಗಿಸಿದ ಮೇಣ ಮೆತ್ತಿ, ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಸಂಜೆಗೆ ಸೋರುವುದು ನಿಂತಿತು. ಶುಕ್ರವಾರ ಬೆಳಗ್ಗೆ ಮತ್ತೆ ಶುರುವಾಗಿತ್ತು. ಹತ್ತು ಗಂಟೆಯ ಹೊತ್ತಿಗೆ ಕೆಳಗಿನಿಂದ ಕೊಳವೆಯ ಮೇಲೆ ಏಟು ಬಿತ್ತು. ಟಣ್ ಟಣ್ ಟಣ್. ಸ್ವಲ್ಪ ಬಿಟ್ಟು ಮತ್ತೆ ಟಣ್ ಟಣ್ ಟಣ್.

ನಾನು ರೇಡಿಯೋದ ದನಿ ಏರಿಸಿದೆ.

"ಅಪ್ಪಾ, ತಾತ ಕರೀತಿದಾರೆ," ಎಂದಳು ಬಿಲ್ಯಾನಾ.

"ಕರೀತಿಲ್ಲ ಕಂದಾ, ಬೈತಿದಾರೆ. ನೀನು ತುದಿಗಾಲಲ್ಲಿ ನಡಿ, ನಾವು ಮನೇಲಿಲ್ಲ ಅಂದ್ಕೊಳ್ಳಲಿ."

ಅವಳಿಗೆ ಅದು ಒಳ್ಳೆಯ ಆಟವಾಯಿತು. ದಿನವಿಡೀ ಇಬ್ಬರೂ ಬೆಕ್ಕಿನ ಹಾಗೆ ನಡೆದಾಡಿದೆವು. ಸಂಜೆ ಸೆವ್ದಾ ಬಂದು ಕೋಟು ಬಿಚ್ಚುತ್ತಿದ್ದಾಗ ಮತ್ತೊಮ್ಮೆ ಏಟು ಬಿತ್ತು.

"ಅದೇನದು?"

"ಕೊಳವೆಯಲ್ಲಿ ಗಾಳಿ ಸೇರ್ಕೊಂಡಿದೆ," ಎಂದೆ.

ಶನಿವಾರವೂ ಸೆವ್ದಾಗೆ ಕೆಲಸವಿತ್ತು. ಆ ದಿನ ಏಟುಗಳು ಮೆತ್ತಗಾಗಿದ್ದವು, ನಡುನಡುವೆ ತುಂಬ ಬಿಡುವು. ಮುದುಕ ಸೋತ ಎಂದುಕೊಂಡೆ. ಗೆದ್ದ ಹುರುಪಿನಲ್ಲಿ ಮೊದಲ ಕೋಸನ್ನು ತೊಟ್ಟಿಯಿಂದ ತೆಗೆದೆ. ಎಲೆ ಬಿಡಿಸಿ, ಅಕ್ಕಿ, ಈರುಳ್ಳಿ, ಕೆಂಪು ಮೆಣಸಿನಪುಡಿ ಒಳಗಿಟ್ಟು ಸುತ್ತಿ, ಬಾಣಲೆಯಲ್ಲಿ ಜೋಡಿಸಿ ಸಣ್ಣ ಉರಿಯಲ್ಲಿ ಬೇಯಿಸಿದೆ. ಮನೆಯೆಲ್ಲ ಘಮ್ಮೆಂದಿತು. ಸಂಜೆ ನಾಲ್ವರೂ ಕುಳಿತೆವು. ಸೆವ್ದಾ ಒಂದು ತುಂಡು ಬಾಯಿಗಿಟ್ಟು, ಅಗಿದು, ನನ್ನನ್ನು ನೋಡಿದಳು.

"ಚೆನ್ನಾಗಿದೆ ಕಣೋ," ಎಂದಳು.

ಜೂನ್ ತಿಂಗಳಿಂದ ನಾನು ಕಾಯುತ್ತಿದ್ದ ಮಾತು ಅದು. ಬಿಲ್ಯಾನಾ ಇನ್ನೊಂದು ಬೇಕೆಂದು ತಟ್ಟೆ ಚಾಚಿದಳು. ಅವಳಿಗೆ ಬಡಿಸುತ್ತಿದ್ದಾಗ ಕೆಳಗೆ ಒಂದೇ ಒಂದು ಸಲ ಟಣ್ ಎಂದಿತು. ಆಮೇಲೆ ಏನೂ ಕೇಳಿಸಲಿಲ್ಲ.

ಭಾನುವಾರ ಬೆಳಗ್ಗೆ ಸೆವ್ದಾ ಕಸ ಹಾಕಿ ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತಳು.

"ಇಗ್ನಾತ್ ತಾತನ ಬಾಗಿಲ ಹಿಡಿಕೆಗೆ ಎರಡು ದಿನದ ಬ್ರೆಡ್ ಚೀಲ ನೇತಾಡ್ತಾ ಇದೆ. ಕೆಳಗಿನ ಅಜ್ಜಿ ತಂದಿಟ್ಟಿದ್ದು ಹಾಗೇ ಇದೆ. ಬಾಗಿಲು ತಟ್ಟಿದೆ, ಉಸಿರೇ ಇಲ್ಲ."

ನನ್ನ ಕಣ್ಣು ರೇಡಿಯೇಟರಿನ ಕೊಳವೆಯ ಕಡೆ ಹೋಯಿತು.

"ಗಂಚೊ, ಆ ಗಾಳಿ ಯಾವಾಗ ನಿಂತಿತು?"

"ಯಾವ ಗಾಳಿ?"

"ಕೊಳವೆಯೊಳಗಿನ ಗಾಳಿ."

ನಾನು ಬಾಲ್ಕನಿಗೆ ಓಡಿ, ಬಟ್ಟೆ ಒಣಹಾಕುವ ಹಗ್ಗವನ್ನು ಕಂಬಿಗೆ ಬಿಗಿದು ಕೆಳಗಿಳಿದೆ. ಗಿರಣಿಯಲ್ಲಿ ಇದಕ್ಕಿಂತ ಎತ್ತರದಲ್ಲಿ ಕೆಲಸ ಮಾಡಿದ್ದೇನೆ, ಹೆದರಿಕೆಯಾಗಲಿಲ್ಲ. ಅವರ ಬಾಲ್ಕನಿಯ ನೆಲಕ್ಕೆ ಕಾಲಿಟ್ಟದ್ದೇ ತಡ, ಎರಡೂ ಕಾಲು ಒಟ್ಟಿಗೆ ಜಾರಿ ಮಂಡಿ ಊರಿ ಬಿದ್ದೆ. ನೆಲದ ಹೆಂಚಿನ ಮೇಲೆ ನನ್ನ ಕೋಸಿನ ನೀರು ಲೋಳೆಗಟ್ಟಿ ಹೊಳೆಯುತ್ತಿತ್ತು. ಅಲ್ಲಿ ಏನು ನಡೆದಿತ್ತೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಬಾಗಿಲು ದೂಡಿದೆ. ಇಗ್ನಾತ್ ತಾತ ಅಡುಗೆಮನೆಯ ನೆಲದ ಮೇಲೆ, ರೇಡಿಯೇಟರಿನ ಪಕ್ಕ ಬಿದ್ದಿದ್ದರು. ಒಂದು ಕಾಲು ಬೇರೆ ಯಾರದೋ ಎಂಬಂತೆ ಹೊರಕ್ಕೆ ತಿರುಗಿಕೊಂಡಿತ್ತು. ಕೈಯಲ್ಲಿ ಊರುಗೋಲು. ಕೊಳವೆಯ ಮೇಲೆ ಒಂದು ಕಡೆ ಏಟು ಬಿದ್ದು ಬಿದ್ದು ಬಿಳಿ ಬಣ್ಣವೆಲ್ಲ ಎದ್ದುಹೋಗಿ ಕಬ್ಬಿಣ ಕಾಣುತ್ತಿತ್ತು. ಟೆಲಿಫೋನು ಆಚೆ ಕೋಣೆಯ ಗೋಡೆಯಲ್ಲಿ, ಎದೆಯೆತ್ತರದಲ್ಲಿ. ಅವರ ತಲೆಯ ಹತ್ತಿರ ಒಂದು ಬಕೆಟ್ ಇತ್ತು. ಸೋರುವ ನೀರಿಗೆಂದು ಗುರುವಾರ ಬಾಲ್ಕನಿಯಲ್ಲಿ ಇಟ್ಟದ್ದು. ಬಿದ್ದ ಮೇಲೆ ಅದನ್ನೂ ಎಳೆದುಕೊಂಡು ಒಳಕ್ಕೆ ತೆವಳಿದ್ದರು. ಎರಡು ದಿನ ಅದರಲ್ಲಿದ್ದ ನನ್ನ ಕೋಸಿನ ನೀರನ್ನೇ ಕುಡಿದಿದ್ದರು. ತಳದಲ್ಲಿ ಇನ್ನೂ ಬೆರಳೆತ್ತರ ಉಳಿದಿತ್ತು.

ಕಣ್ಣು ತೆರೆದರು. ನಾನು ನಲ್ಲಿಯಿಂದ ಲೋಟ ತುಂಬಿ ತಂದು ತುಟಿಗೆ ಹಿಡಿದೆ. ಅವರು ಕುಡಿಯದೆ ಲೋಟವನ್ನೇ ನೋಡಿದರು.

"ಇದು ಬರೀ ನೀರು ತಾನೇ?" ಎಂದರು.

ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದಿದೆ ಎಂದರು, ಆಪರೇಷನ್ ಮಾಡಿದರು. ವಾರ್ನಾದಿಂದ ಅವರ ಮಗಳು ನೇದಾ ಬಂದಳು. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಅತ್ತಳು. "ಅಣ್ಣಾ, ನೀವು ಹಗ್ಗ ಹಿಡ್ಕೊಂಡು ಇಳೀದೇ ಇದ್ದಿದ್ರೆ ಅಪ್ಪ ಉಳೀತಿರ್ಲಿಲ್ಲ," ಎಂದು ಮಕ್ಕಳಿಗೆ ದೊಡ್ಡ ಚಾಕೊಲೇಟ್ ಡಬ್ಬಿ ಕೊಟ್ಟಳು. ಕಟ್ಟಡದವರು ನನ್ನನ್ನು ಕಂಡರೆ ದಾರಿ ಬಿಡತೊಡಗಿದರು. ನಾಲ್ಕು ದಿನ ನಾನು ಶೂರ. ಐದನೇ ದಿನ ಸೆವ್ದಾ ಕೇಳಿದಳು:

"ಇನ್ನೂ ಎಷ್ಟು ದಿನ ಹೊಗಳಿಸ್ಕೋತೀಯಾ? ನೀನು ಹೇಳ್ತೀಯೋ, ನಾನು ಹೇಳ್ಲೋ?"

ಹೋದೆ. ತಾತ ಆಸ್ಪತ್ರೆಯ ಮಂಚದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, "ತಾತ, ನೀವು ಬಡಿದದ್ದು ನಂಗೆ ಕೇಳಿಸ್ತಿತ್ತು," ಎಂದೆ.

"ಗೊತ್ತು," ಎಂದರು. "ರೇಡಿಯೋ ಜೋರಾಯ್ತಲ್ಲ."

ನೆಲ ಬಿರಿಯಬಾರದೇ ಅನ್ನಿಸಿತು. "ಬೈತಿದೀರಿ ಅಂದ್ಕೊಂಡೆ."

"ಬೈತಾನೇ ಇದ್ದೆ. ಶುಕ್ರವಾರ ಇಡೀ ಬೈದೆ, ನಿನ್ನ ವಂಶವನ್ನೆಲ್ಲಾ ಸೇರಿಸಿ. ಶನಿವಾರದಿಂದ ಕರೆಯೋಕೆ ಶುರು ಮಾಡಿದೆ. ಸದ್ದು ಎರಡಕ್ಕೂ ಒಂದೇ. ನಿಂಗಾದ್ರೂ ಹೇಗೆ ಗೊತ್ತಾಗ್ಬೇಕು." ಹೊದಿಕೆ ಎಳೆದುಕೊಂಡು, "ನೇದಾಗೆ ಹೇಳಿಲ್ಲ. ಹೇಳಿದ್ರೆ ಚಾಕೊಲೇಟ್ ವಾಪಸ್ ಕೇಳ್ತಾಳೆ. ಮಕ್ಕಳು ಅಷ್ಟರಲ್ಲಿ ತಿಂದಿರ್ತಾವೆ," ಎಂದರು.

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಹೊರಗೆ ಹೋಗು ಎನ್ನಲೂ ಇಲ್ಲ. ನಾನು ಏಳುವಾಗ ಮಾತ್ರ, "ನಿನ್ನ ಕೋಸಿಗೆ ಉಪ್ಪು ಸಾಲದು ಕಣೋ," ಎಂದರು.

ಅವರು ಮತ್ತೆ ಮೂರು ಅಂತಸ್ತು ಹತ್ತುವಂತಾಗಲಿಲ್ಲ. ನೇದಾ ಆಸ್ಪತ್ರೆಯಿಂದಲೇ ವಾರ್ನಾಗೆ ಕರೆದೊಯ್ದಳು. ಕೋಸನ್ನು ಎಸೆದುಬಿಡೋಣ ಎಂದೆ. "ಎಸೆದು ಏನು ತಿನ್ನೋದು?" ಎಂದಳು ಸೆವ್ದಾ. ಇಬ್ಬರೂ ಸೇರಿ ಅದನ್ನು ಗಾಜಿನ ಜಾಡಿಗಳಿಗೆ ತುಂಬಿದೆವು. ಡಿಸೆಂಬರ್, ಜನವರಿ, ಫೆಬ್ರವರಿ ಅದನ್ನೇ ತಿಂದೆವು. ಬಿಲ್ಯಾನಾ ಒಂದೊಂದು ಸಲ ಊಟದ ನಡುವೆ ಕೊಳವೆಗೆ ಕಿವಿಯಿಟ್ಟು, "ತಾತ ಬೈತಾನೇ ಇಲ್ಲ," ಎನ್ನುತ್ತಿದ್ದಳು. ನಾವಿಬ್ಬರೂ ತಟ್ಟೆ ನೋಡುತ್ತಿದ್ದೆವು.

ಏಪ್ರಿಲ್‌ನಲ್ಲಿ ನೇದಾ ಮನೆ ಖಾಲಿ ಮಾಡಲು ಬಂದಳು. ಸಾಮಾನು ಇಳಿಸುವವರು ಹೋದ ಮೇಲೆ ನಮ್ಮ ಬಾಗಿಲು ತಟ್ಟಿದಳು. ಅವಳ ಪಕ್ಕದಲ್ಲಿ ಓಕ್ ಮರದ ಒಂದು ಪೀಪಾಯಿ, ಹಲಗೆಗೆ ಹಲಗೆ ಕೂದಲೂ ತೂರದ ಹಾಗೆ ಕೂಡಿಸಿದ್ದು.

"ಅಪ್ಪ ವಾರ್ನಾದಲ್ಲಿ ಚಳಿಗಾಲವೆಲ್ಲಾ ಕೂತು ಅವರ ಕೈಯಾರೆ ಮಾಡಿದ್ದು. ಮೇಲಿನ ಮನೆ ಗಂಚೊಗೆ ಕೊಡು ಅಂದ್ರು. ಒಳಗೆ ಚೀಟಿ ಇದೆಯಂತೆ."

ಪೆನ್ಸಿಲಿನಲ್ಲಿ, ಮೇಷ್ಟ್ರ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು. ಸೆವ್ದಾಗೆ ಕೇಳಿಸಲೆಂದು ನಾನು ಗಟ್ಟಿಯಾಗಿ ಓದತೊಡಗಿದೆ. ಮೊದಲು ಬಿಸಿನೀರಲ್ಲಿ ಎರಡು ದಿನ ನೆನೆಸು. ಹತ್ತು ಲೀಟರು ನೀರಿಗೆ ಇಷ್ಟು ಉಪ್ಪು, ಕೈ ಬಿಗಿ ಹಿಡಿಯಬೇಡ. ಮೇಲೆ ಹೊಳೆಯ ಕಲ್ಲು ಹೇರು, ಸುಣ್ಣದ ಕಲ್ಲು ಬೇಡ. ಅಲ್ಲಿಯವರೆಗೆ ಸರಾಗವಾಗಿ ಓದಿದೆ. ಕೊನೆಯ ಎರಡು ಸಾಲು ನನ್ನ ಬಾಯಿಂದ ಬರಲಿಲ್ಲ. ಸೆವ್ದಾ ಚೀಟಿಯನ್ನು ತೆಗೆದುಕೊಂಡು ತಾನೇ ಓದಿದಳು:

"ನೆಲಮಾಳಿಗೆಯಲ್ಲಿಡು, ಬಾಲ್ಕನಿಯಲ್ಲಿ ಬೇಡ. ಮನೆ ಬಾಡಿಗೆಗೆ ಕೊಡ್ತಿದೀವಿ, ಕೆಳಗೆ ಜನ ಇರ್ತಾರೆ."