ಖಚಿತ ನುಡಿಯೂ ಎರಡನೆಯ ಕರೆಯೂ

ಹೊತ್ತು ಮೂಡುವ ಮೊದಲೇ ಮಿಂದು ಲಿಂಗಪೂಜೆಗೆ ಕೂರುವುದನ್ನು ನಲವತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸದವರು. ಬೀಜದ ಅಂಗಡಿಯಲ್ಲಿ ಹಳೆಯ ತೊಗರಿಯನ್ನು ಹೊಸದೆಂದು ಹೇಳದವರು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸದವರು. ಹಿಡಿದ ಕೆಲಸವನ್ನು ಮುಗಿಯುವ ತನಕ ಬಿಡದವರು (ಮುಗಿದ ಮೇಲೂ ಬಿಡದವರು ಎಂಬುದು ಮನೆಯವರ ತಿದ್ದುಪಡಿ). ಹೆಂಡತಿಯ ಮಾತಿಗೆ ಎದುರಾಡದವರು, ಎದುರಾಡಿದ ದಿನ ಗೆಲ್ಲದವರು. ಇಂಥ ಸಕಲಗುಣಸಂಪನ್ನರೊಬ್ಬರು ಶಹಾಪುರದಲ್ಲಿದ್ದಾರೆ. ಅವರೇ ಚನ್ನಯ್ಯನವರು.

ಬೀಜದ ಕಂಪನಿಯ ಪ್ರತಿನಿಧಿಯೊಬ್ಬ ಅಂಗಡಿಗೆ ಬಂದು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ, ಕೈಕುಲುಕಿ ಹೋದ ಮೇಲೆ, ತಾವು ಒಪ್ಪಿಕೊಂಡದ್ದೋ ಒಲ್ಲೆನೆಂದದ್ದೋ ಎಂಬುದೇ ಚನ್ನಯ್ಯನವರಿಗೆ ತಿಳಿಯಲಿಲ್ಲ. ಅಂದೇ ಅವರು ಭೀಷಣ ಪ್ರತಿಜ್ಞೆಯೊಂದನ್ನು ಕೈಗೊಂಡರು: ಐವತ್ತೆಂಟು ತುಂಬಿದರೇನು, ಇಂಗ್ಲಿಷ್ ಕಲಿತೇ ತೀರಬೇಕು! ಓಣಿಯ ಮೈನುದ್ದೀನರ ಮಗಳು ಸಾಬೇರಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಸಂಜೆ ತನ್ನ ಮನೆಯ ಪಡಸಾಲೆಯಲ್ಲಿ ಅಂಗಡಿಕಾರರಿಗೆ ಪಾಠ ಹೇಳುತ್ತಿದ್ದಳು. ಚನ್ನಯ್ಯನವರು ಪಾಟಿ ಹಿಡಿದು ಮೊದಲ ಸಾಲಿನಲ್ಲಿ ಕುಳಿತರು.

ಒಂದು ಸಂಜೆ ಸಾಬೇರಾ ಹಲಗೆಯ ಮೇಲೆ ನಿಚ್ಚಣಿಕೆಯೊಂದನ್ನು ಬರೆದಳು.

"ನೋಡ್ರಿ ಕಾಕಾರ, ನೂರಕ್ಕ ನೂರು ಖರೇ ಅನ್ನೋದಿದ್ರ ಮ್ಯಾಲಿನ ಮೆಟ್ಟಿಲು, ಡೆಫಿನೆಟ್ಲಿ. ಬಹಳ ಮಟ್ಟಿಗೆ ಅನ್ನೋದಿದ್ರ ಪ್ರಾಬಬ್ಲಿ. ಆದ್ರೂ ಆದೀತು, ಇಲ್ಲಾಂದ್ರ ಇಲ್ಲ ಅನ್ನಂಗಿದ್ರ ಪರ್ಹ್ಯಾಪ್ಸ್, ಮೇಬಿ. ಈ ವಾರ ಪೂರಾ ಬಳಸ್ರಿ. ಬಳಸಿದ್ರಷ್ಟೇ ಉಳಿತಾವ."

ಚನ್ನಯ್ಯನವರಿಗೆ ಜ್ಞಾನೋದಯವಾದಂತಾಯಿತು. 'ನೋಡೋಣ್ರಿ', 'ಆಗ್ತದ ಬಿಡ್ರಿ', 'ದೇವರ ಚಿತ್ತ' ಎಂಬ ಮೂರೇ ಉತ್ತರಗಳಲ್ಲಿ ಇಡೀ ಜನ್ಮ ಕಳೆಯುವ ಊರಿನಲ್ಲಿ, ಮಾತಿಗೂ ಇಂಥದೊಂದು ತಕ್ಕಡಿಯಿದೆಯೆಂದು ಯಾರು ಬಲ್ಲರು! ಮರುದಿನ ಬೆಳಿಗ್ಗೆಯೇ ಅದರ ಪ್ರಯೋಗ ಆರಂಭವಾಯಿತು.

"ಏನ್ರೀ, ಉಪ್ಪಿಟ್ಟಿಗೆ ಉಪ್ಪು ಸರಿ ಆಗ್ಯಾದೇನು?" ಎಂದರು ಪತ್ನಿ ಗೊಲ್ಲಾಳಮ್ಮ.

"ಪ್ರಾಬಬ್ಲಿ."

"ಅಂದ್ರ?"

"ನೂರಕ್ಕ ಎಂಬತ್ತು."

"ಎಂಬತ್ತು ಪಾಲು ತಿಂದ್ರಲ್ಲ, ಉಳಿದ ಇಪ್ಪತ್ತು ಎಮ್ಮಿಗೆ ಹಾಕ್ತೀನಿ ತರ್ರಿ" ಎಂದು ಆಕೆ ತಾಟನ್ನು ಎತ್ತಿಕೊಂಡು ಹೋದರು. ವಿದ್ಯಾರ್ಥಿಗಳಿಗೆ ಇಂಥ ಉಪವಾಸಗಳು ಹೊಸವಲ್ಲ. ಚನ್ನಯ್ಯನವರು ಕುಗ್ಗಲಿಲ್ಲ.

ಅದೇ ವಾರ ಮಗಳು ಬಸವೇಶ್ವರಿಯ ಕುಬಸ, ಎಂದರೆ ಸೀಮಂತ. ಚೊಚ್ಚಲ ಬಸುರಿ; ಗಂಡನ ಮನೆ ಸುರಪುರ. ಅಲ್ಲಿಂದ ಬೀಗರು ವಿಶ್ವರಾಧ್ಯರು ಬಳಗಸಮೇತ ಬರುವವರು. ಓಣಿಯ ಮುತ್ತೈದೆಯರು ಉಡಿ ತುಂಬಿ, ಓಣಿಯ ಜನ ಬೀಗರೊಂದಿಗೆ ಉಂಡರೇ ಶೋಭೆ. ಹನ್ನೊಂದು ಮನೆಗಳಿಗೆ ಹೇಳಿಬರಲು ಚನ್ನಯ್ಯನವರೇ ಹೊರಟರು.

"ಬರ್ತೀವಿ ಬಿಡ್ರಿ ಅಯ್ಯಾರ" ಎಂದರು ಮೊದಲ ಮನೆಯ ಭೀಮಾಶಂಕರ.

"ಹಂಗಲ್ಲ. ಯಾವ ಮೆಟ್ಟಿಲಿಂದ ಬರ್ತೀರಿ?" ಎಂದು ಚನ್ನಯ್ಯನವರು ನಾಲ್ಕೂ ಪದಗಳನ್ನು ವಿವರಿಸಿದರು.

"ಎಲ್ಲಾಕ್ಕಿಂತ ಮ್ಯಾಲಿಂದು ಯಾವುದದ, ಅದನ್ನ ಹಚ್ಚಿಬಿಡ್ರಿ!"

ಹೀಗೆ ಹನ್ನೊಂದು ಮನೆಗಳೂ ಡೆಫಿನೆಟ್ಲಿ ಎಂದವು. ಮಹಾಯುದ್ಧ ಗೆದ್ದವರಂತೆ ಮನೆಗೆ ಬಂದ ಚನ್ನಯ್ಯನವರು, "ಈ ಸಲ ಎರಡನೇ ಕರಿ ಬ್ಯಾಡ" ಎಂದು ಘೋಷಿಸಿದರು.

ಹಿಂದಿನ ದಿನ ಹೇಳಿಬರುವುದು ಮೊದಲ ಕರೆ. ಅಡುಗೆಯಾದ ಮೇಲೆ ಮನೆಮನೆಗೆ ಹೋಗಿ 'ಊಟಕ್ಕ ಏಳ್ರಿ' ಎನ್ನುವುದು ಎರಡನೆಯದು. ಅಜ್ಜ ಮುತ್ತಜ್ಜರ ಕಾಲದಿಂದ ಆ ಓಣಿ ನಡೆದುಬಂದದ್ದು ಹೀಗೆ.

ಗೊಲ್ಲಾಳಮ್ಮ ಹೂರಣ ರುಬ್ಬುವುದನ್ನು ನಿಲ್ಲಿಸಿದರು. "ಕರೀದ ಯಾರು ಬರ್ತಾರ್ರೀ?"

"ಡೆಫಿನೆಟ್ಲಿ ಅಂದವರನ್ನ ಮತ್ತ ಕರದ್ರ, ಅವರ ಮಾತಿನ ಮ್ಯಾಲ ಸಂಶಯ ಪಟ್ಟಂಗ ಆಗ್ತದ. ನಾ ಯಾರನ್ನೂ ಅವಮಾನ ಮಾಡಾಂವಲ್ಲ."

ಕುಬಸದ ದಿನ ಹನ್ನೆರಡಾಯಿತು. ಒಂದಾಯಿತು. ಹೋಳಿಗೆಯ ರಾಶಿ ಬುಟ್ಟಿ ಮೀರಿ ಬೆಳೆಯಿತು. ಬೀಗರು ಹಾಸಿದ ಚಾಪೆಗಳನ್ನು ನೋಡುತ್ತ ಕುಳಿತರು. ಓಣಿಯಿಂದ ಒಂದು ನೊಣವೂ ಬರಲಿಲ್ಲ.

"ಬೀಗರ, ನಿಮ್ಮ ಓಣ್ಯಾಗ ಮಂದಿ ಇದ್ದಾರಲ್ರಿ?" ಎಂದು ವಿಶ್ವರಾಧ್ಯರು ಮೆಲ್ಲಗೆ ವಿಚಾರಿಸಿದರು.

ಹಸಿರು ಸೀರೆಯುಟ್ಟು ಹಸಿರು ಬಳೆ ತೊಟ್ಟ ಬಸವೇಶ್ವರಿಯ ಕಣ್ಣು ತುಂಬಿದವು. "ಅಪ್ಪಾ, ಅತ್ತಿ ಮನಿಯವರ ಮುಂದ ನನ್ನ ಉಡಿ ತುಂಬಾಕ ಒಬ್ಬರೂ ಬರಂಗಿಲ್ಲೇನು?"

ಆ ಮಾತು ಎದೆಗೆ ನಾಟಿತು. ಚನ್ನಯ್ಯನವರು ರುಮಾಲು ಕಟ್ಟಿಕೊಂಡು ಬಿಸಿಲಿಗಿಳಿದರು. ಕರೆಯುವುದಕ್ಕಲ್ಲ, ಆಡಿದ ಮಾತೇಕೆ ತಪ್ಪಿದಿರೆಂದು ಕೇಳುವುದಕ್ಕೆ. ಸಂಕಲ್ಪವೆಂದರೆ ಸಂಕಲ್ಪ.

ಭೀಮಾಶಂಕರ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆಯೇ ಕುಳಿತಿದ್ದರು. ಪಕ್ಕದಲ್ಲಿ ಹೂ ಮುಡಿದ ಹೆಂಡತಿ ಮಲ್ಲಿಕಮ್ಮ.

"ನಿನ್ನಿ ಡೆಫಿನೆಟ್ಲಿ ಅಂದಿದ್ರಿ!"

"ಇವತ್ತೂ ಅದೇ ಅಂತೀನ್ರಿ. ಕರೀಲಾಕ ಬಂದೀರೇನ್ರಿ ಹಂಗಾದ್ರ?"

"ಇಲ್ಲ. ನಾ ಕೇಳಾಕ ಬಂದೀನಿ, ಕರೀಲಾಕಲ್ಲ."

"ಹಂಗಿದ್ರ ಕೂಡ್ರಿ. ನಾವೂ ಕುಂತೀವಿ."

"ಮುಂಜಾನಿಂದ ಹೊಟ್ಟಿ ಖಾಲಿ ಇಟ್ಟೀವ್ರಿ ನಿಮ್ಮ ಹೋಳಿಗಿಗೆ" ಎಂದರು ಮಲ್ಲಿಕಮ್ಮ. "ಆದ್ರ ಕರೀದ ಬಂದು ಎಲಿ ಮುಂದ ಕುಂಡ್ರಾಕ ನಾವೇನು ಅನ್ನ ಕಾಣದವರೇನ್ರಿ?"

ಒಂದು ಮಾತು ಎರಡಾಯಿತು. ಖಚಿತವಾಗಿ ಬರುವವರನ್ನು ಏಕೆ ಕರೆಯಬೇಕೆಂದು ಇವರು, ಖಚಿತವಾಗಿ ಉಣಿಸುವವರು ಏಕೆ ಕರೆಯಬಾರದೆಂದು ಅವರು. ಅರ್ಧ ಗಂಟೆ ಕಳೆದರೂ ಯಾರೂ ಸೋಲಲಿಲ್ಲ, ಯಾರೂ ಏಳಲಿಲ್ಲ. ಕಡೆಗೆ ಚನ್ನಯ್ಯನವರು ಎದ್ದು ಓಣಿಯ ಕೊನೆಯಲ್ಲಿದ್ದ ಮೈನುದ್ದೀನರ ಮನೆಗೆ ನಡೆದರು. ಬೀಗ! ಅದರ ಮಗ್ಗುಲ ಮನೆಗೂ ಬೀಗ. ಆಚೆಯ ಮನೆಗೂ ಬೀಗ. ತಿರುಗಿ ಓಡುತ್ತ ಬಂದರೆ ಭೀಮಾಶಂಕರರ ಕಟ್ಟೆಯೂ ಬರಿದು, ಬಾಗಿಲಿಗೆ ಬೀಗ.

ಸಿಟ್ಟಾಗಿ ಓಣಿಗೆ ಓಣಿಯೇ ಎದ್ದು ಹೋಯಿತೇ? ಮಗಳಿಗೆ ಏನೆಂದು ಹೇಳುವುದು? ಭಾರವಾದ ಕಾಲುಗಳನ್ನೆಳೆಯುತ್ತ ಮನೆಗೆ ಬಂದರೆ, ಅಂಗಳದ ತುಂಬ ಚಪ್ಪಲಿಗಳು. ಒಳಗೆ ಬಸವೇಶ್ವರಿಯ ಉಡಿ ತುಂಬಿ, ನಗೆಯೂ ತುಂಬಿತ್ತು. ಗಂಡ ಕಟ್ಟೆಯ ಮೇಲೆ ವಾದ ಹೂಡಿದ್ದಾಗ ಗೊಲ್ಲಾಳಮ್ಮ ಹಿತ್ತಲ ದಾರಿಯಿಂದ ಹೊರಟು, ಹತ್ತು ಮನೆಗಳವರನ್ನು 'ಊಟಕ್ಕ ಏಳ್ರಿ' ಎಂದು ಅದೇ ದಾರಿಯಿಂದ ಕರೆತಂದಿದ್ದರು; ಗಂಡ ಕಟ್ಟೆಯಿಂದ ಎದ್ದೊಡನೆ ಹನ್ನೊಂದನೆಯ ಮನೆಯ ಭೀಮಾಶಂಕರರನ್ನೂ ಕರೆದಿದ್ದರು.

"ಗೊಲ್ಲಾಳಮ್ಮನೋರು ಕರದ್ರು, ಬಂದ್ವಿ" ಎಂದರು ಭೀಮಾಶಂಕರ, ಮೂರನೆಯ ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಳ್ಳುತ್ತ.

ಚನ್ನಯ್ಯನವರ ಹೊಟ್ಟೆ ಹಸಿದು ಬೆನ್ನಿಗಂಟಿತ್ತು. ಪಂಕ್ತಿಯ ಕೊನೆಯಲ್ಲೊಂದು ಎಲೆ ಬರಿದಾಗಿಯೇ ಇತ್ತು. ಹೋಗಿ ಕೂರಬೇಕೆಂದರೆ, ಆಶ್ಚರ್ಯ, ಕಾಲು ಏಳಲೊಲ್ಲವು! ಐವತ್ತೆಂಟು ವರ್ಷ ಕರೆಸಿಕೊಂಡು ಉಂಡ ದೇಹ ಕರೆಯದೆ ಕೂರಲು ನಾಚಿತು. ನೆಟ್ಟಗಿದ್ದ ತೋರಣವನ್ನು ಇನ್ನಷ್ಟು ನೆಟ್ಟಗೆ ಮಾಡಿದರು. ಕೆಮ್ಮಿದರು. ಪಂಕ್ತಿ ಎದ್ದಿತು, ಮತ್ತೊಂದು ಕುಳಿತಿತು, ಅದೂ ಎದ್ದಿತು.

"ಅಯ್ಯ, ಯಾಕ ಹಿಂಗ ನಿಂತೀರಿ?" ಎಂದರು ಗೊಲ್ಲಾಳಮ್ಮ.

ಚನ್ನಯ್ಯನವರು ತಲೆ ತಗ್ಗಿಸಿ, ಬೀಗರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ನನ್ನ ಯಾರೂ ಕರೀಲಿಲ್ಲ" ಎಂದರು.

ಬೀಗರಿಗೆ ಕೇಳಿಸಿಯೇ ಬಿಟ್ಟಿತು. ವಿಶ್ವರಾಧ್ಯರು ನಕ್ಕ ನಗೆಗೆ ಇಡೀ ಓಣಿ ದನಿಗೂಡಿಸಿತು. ಗೊಲ್ಲಾಳಮ್ಮ ಸೆರಗು ಹೊದ್ದು, ಬೆಳ್ಳಿಯ ತಂಬಿಗೆಯಲ್ಲಿ ನೀರು ಹಿಡಿದು, ಬೀಗರ ಎದುರೇ ಗಂಭೀರವಾಗಿ ಹೇಳಿದರು: "ಊಟಕ್ಕ ಏಳ್ರಿ." ಹೋಳಿಗೆ ಮುಗಿದುಹೋಗಿತ್ತು. ಅನ್ನ, ಕಟ್ಟಿನ ಸಾರು ಉಂಡರು. ಎರಡು ಸಲ ಬಡಿಸಿಕೊಂಡರು.

ಅಂಥ ದೃಢಸಂಕಲ್ಪರಿಗೆ ಶಿವನು ಪೂರ್ಣಾಯುಷ್ಯವನ್ನೂ ಮುಂದಿನ ಪಾಠವನ್ನೂ ಕರುಣಿಸಲಿ. ಗೊಲ್ಲಾಳಮ್ಮನವರ ಒಲೆ ಆರದಿರಲಿ. ಬಸವೇಶ್ವರಿಯ ತೊಟ್ಟಿಲು ಸುಖವಾಗಿ ತೂಗಲಿ. ಆ ಮನೆಯ ಹೊಸ್ತಿಲಲ್ಲಿ ಕರೆಯುವ ದನಿಯೂ, ಕರೆಗೆ ಏಳುವ ಜನವೂ ಎಂದೆಂದಿಗೂ ಕಡಿಮೆಯಾಗದಿರಲಿ.