ಕುಳ್ಳಿನೊಳಗಿನ ಡಬ್ಬಿ

"ಕಣ್ಣೆದುರಿಗೇ ಇರಬೇಕು, ಆದ್ರೂ ಯಾರಿಗೂ ಸಿಗಬಾರದು! ಅಂಥಾ ಡಬ್ಬಿ ಮಾಡದಿದ್ರ ಈ ಮೀಸಿ ಬೋಳಸ್ತೀನಿ!" ಎಂದು ದೊಡ್ಡಣ್ಣನವರು ಬರೋಡಾದ ಅಲ್ಕಾಪುರಿಯಲ್ಲಿ, ತಮ್ಮ ಹೌಸಿಂಗ್ ಸೊಸೈಟಿಯ ಕಟ್ಟೆಯ ಮೇಲೆ ಕೂತು ಘೋಷಿಸಿದರು. ರೈಲ್ವೆಯಿಂದ ನಿವೃತ್ತರಾದರೂ ಕಂಠ ಮಾತ್ರ ಇನ್ನೂ ಎಂಜಿನ್ನಿನದೇ!

ಕೆರಳಿಸಿದವನು ಎದುರುಮನೆಯ ಬ್ಯಾಂಕ್ ಅಧಿಕಾರಿ ಹಯವದನ. ಅವನ ಕೈಗೆ ಜಿಪಿಎಸ್ ಯಂತ್ರವೊಂದು ಬಂದಿತ್ತು, ಬೆನ್ನಿಗೇ ಜಿಯೋಕ್ಯಾಶಿಂಗ್ ಎಂಬ ಹೊಸ ಹುಚ್ಚು. ಒಬ್ಬ ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಇಂಟರ್ನೆಟ್ಟಿಗೆ ಹಾಕಬೇಕು. ಇನ್ನೊಬ್ಬ ಯಂತ್ರ ಹಿಡಿದು ಹುಡುಕಿ, ಒಳಗಿನ ಚೀಟಿಗೆ ಸಹಿ ಹಾಕಬೇಕು. ಹಯವದನ ಪೊದೆಯಲ್ಲಿಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ದೊಡ್ಡಣ್ಣನವರು ಬೆಳಗಿನ ವಾಕಿಂಗಿನಲ್ಲೇ ಎತ್ತಿ ತಂದುಬಿಟ್ಟಿದ್ದರು.

"ಹಂಗಾದ್ರ ನೀವs ಮಾಡಿ ತೋರಸ್ರಿ, ದೊಡ್ಡಣ್ಣಾರ. ನನಗ ಸಿಗಲಿಲ್ಲಂದ್ರ ಯುಗಾದಿಗೆ ಕನ್ನಡ ಸಂಘದಾಗ ಶಾಲು ಹೊದಸ್ತೀನಿ."

ಶಾಲು! ಮೂವತ್ತು ವರ್ಷದ ನೌಕರಿಯಲ್ಲಿ ಒಂದು ಟವೆಲ್ಲೂ ಹೊದಿಸಿಕೊಳ್ಳದ ಹೆಗಲು ಜುಮ್ಮೆಂದಿತು.

ಮಳೆ, ಇರುವೆ ಒಳಹೋಗದ ಡಬ್ಬಿ ಬೇಕು. ಅಂಥದು ಮನೆಯಲ್ಲಿ ಒಂದೇ ಇತ್ತು: ಹೆಂಡತಿ ಇಂದಿರಾಬಾಯಿಯ ತವರಿನ ಹಿತ್ತಾಳೆ ಡಬ್ಬಿ. ಅದರಲ್ಲಿದ್ದ ಅಗಸಿ ಚಟ್ನಿಪುಡಿಯನ್ನು ತಾಟಿಗೆ ಸುರುವಿ, ಚೀಟಿ ಹಾಕಿ ಮುಚ್ಚಳ ಬಿಗಿದರು. ರಸ್ತೆಗೆ ಅಡ್ಡ ಮಲಗಿದ್ದ ಆಕಳ ಹಿಂದೆ ಬಕೆಟ್ ಹಿಡಿದು ತಪಸ್ಸು ಮಾಡಿದರು. ಸಗಣಿಗೆ ಹೊಟ್ಟು, ಅಂಟು ಕಲಸಿ ಡಬ್ಬಿಗೆ ಮೆತ್ತಿ, ಮೇಲೆ ಐದು ಬೆರಳು ಒತ್ತಿದರು. ಆಹಾ, ಸಾಕ್ಷಾತ್ ಕುಳ್ಳು! ಒಣಗಿಸಿ, ಸೊಸೈಟಿಯ ಹಿಂದಿನ ಗೋಡೆಯ ಮೇಲೆ ಇಟ್ಟು ಬಂದು, ಜಾಗದ ಗುರುತನ್ನು ಇಂಟರ್ನೆಟ್ಟಿಗೆ ಹಾಕಿಸಿದರು.

"ಏನ್ರೀ, ನಮ್ಮವ್ವನ ಡಬ್ಬಿ ನೋಡೀರೇನು?"

"ಅಡಿಗಿ ಮನಿ ರಾಜ್ಯ ನಿಂದು. ನನ್ನೇನ ಕೇಳ್ತಿ?"

"ಸಿಗಲಿ, ಒಯ್ದವರನ್ನ ಅದರಾಗs ತುಂಬಿ ಮುಚ್ಚಳಾ ಹಾಕ್ತೀನಿ!"

ಶಾಲು ಬೀಳುವ ತನಕ ಬಾಯಿ ಬಿಡಬಾರದೆಂದು ದೊಡ್ಡಣ್ಣನವರು ತುಟಿ ಹೊಲಿದುಕೊಂಡರು. ಅತ್ತ ಹಯವದನ ವಾರಗಟ್ಟಲೆ ಯಂತ್ರ ಹಿಡಿದು ಗೋಡೆಯ ಬಳಿ ಗಿರಕಿ ಹೊಡೆದ. ಇಟ್ಟಿಗೆ ಅಲುಗಾಡಿಸಿದ, ಕೊಳವೆಗೆ ಕೈ ಹಾಕಿದ. ಕುಳ್ಳಿನ ಹತ್ತಿರ ಬಂದಾಗ ಮಾತ್ರ ಮೂಗು ಮುಚ್ಚಿಕೊಂಡು ಆಚೆ ಸರಿದ! ದೊಡ್ಡಣ್ಣನವರು ಬಾಲ್ಕನಿಯಲ್ಲಿ ಚಹಾ ಹೀರುತ್ತ ಮೀಸೆ ತಿರುವಿದರು.

ಅಷ್ಟರಲ್ಲಿ ಹೋಳಿ ಬಂತು. ಗೇಟಿನೆದುರು ಕುಳ್ಳಿನ ರಾಶಿಗೆ ಬೆಂಕಿ ಬಿತ್ತು. ಹೆಂಗಸರು ಅರಳು, ಖರ್ಜೂರ ಹಾಕಿ ನೀರಿನ ಧಾರೆ ಬಿಡುತ್ತ ಸುತ್ತು ಬಂದರು. ಇಂದಿರಾಬಾಯಿ ಸುತ್ತು ಮುಗಿಸಿ ಗಂಡನ ಪಕ್ಕ ಕೂತರು.

"ಪ್ಯಾಟಿ ಕುಳ್ಳು ರೊಟ್ಟಿಗಿಂತಾ ತೆಳ್ಳಗ ಇದ್ದೂರಿ. ಹಿಂದಿನ ಗ್ವಾಡಿ ಮ್ಯಾಲೆ ನಮ್ಮೂರಿನಂಥಾ ದಪ್ಪಂದೊಂದು ಸಿಕ್ತು, ಹಾಕಿ ಬಂದೆ. ತಟ್ಟಿದಾಕಿ ಕೈ ಭಾಳ ಚೊಕ್ಕ, ನೋಡ್ರಿ!"

ಜನ್ಮದಲ್ಲಿ ಹೆಂಡತಿಯಿಂದ ಬಂದ ಮೊದಲ ಹೊಗಳಿಕೆ! ಆದರೆ ಹಿಗ್ಗಲು ಪುರುಸೊತ್ತೆಲ್ಲಿ? ದೊಡ್ಡಣ್ಣನವರು ಧೋತರ ಎತ್ತಿ ಕಟ್ಟಿ, ಕೋಲು ಹಿಡಿದು ಬೆಂಕಿಗೆ ನುಗ್ಗಿದರು.

"ಅರೆ ಕಾಕಾ, ಶು ಕರೋ ಛೋ?" ಎಂದು, ಏನು ಮಾಡುತ್ತಿದ್ದಾರೆಂದು ತಿಳಿಯದೆ, ಗುಜರಾತಿ ನೆರೆಯವರು ಸೊಂಟ ಹಿಡಿದು ಎಳೆದರು.

ಢಮಾರ್!

ಬಿಗಿದ ಡಬ್ಬಿ ಸಿಡಿದು ಮುಚ್ಚಳ ಆಕಾಶಕ್ಕೆ ಹಾರಿತು. ಜನ ದಿಕ್ಕಾಪಾಲು! ಠಣಠಣ ಉರುಳುತ್ತ ಬಂದ ಮುಚ್ಚಳ, ನ್ಯಾಯ ಕೇಳುವಂತೆ, ಇಂದಿರಾಬಾಯಿಯ ಪಾದದೆದುರು ಅಂಗಾತ ಮಲಗಿತು. ಒಳಗೆ ಕೊರೆಸಿದ ಕನ್ನಡ ಅಕ್ಷರ: ಪಾರ್ವತಿ. ಅವರ ಅವ್ವನ ಹೆಸರು.

ಇಂದಿರಾಬಾಯಿ ಮುಚ್ಚಳ ನೋಡಿದರು. ಗಂಡನ ಕೈಯ ಕೋಲು ನೋಡಿದರು. ದೊಡ್ಡಣ್ಣನವರ ಮೀಸೆ ತಾನಾಗಿಯೇ ಇಳಿಯಿತು.

"ಹಯವದನಾ," ಎಂದರು ಕ್ಷೀಣ ದನಿಯಲ್ಲಿ, "ನಿನಗಂತೂ ಸಿಗಲಿಲ್ಲಲ್ಲೋ? ಶಾಲು..."

"ನನಗ ಸಿಗಲಿಲ್ಲ, ಖರೆ. ಇಂದಿರಾ ವೈನಿಗೆ ಸಿಕ್ತಲ್ಲರಿ! ಅದೂ ಯಂತ್ರಾ ಇಲ್ಲದs!"

ಯುಗಾದಿಯಂದು ಶಾಲು ಇಂದಿರಾಬಾಯಿಯ ಹೆಗಲೇರಿತು. ಅದನ್ನು ಹೊದ್ದುಕೊಂಡೇ ಮನೆಗೆ ಬಂದಾಗ, ದೊಡ್ಡಣ್ಣನವರು ಪಾತ್ರೆ ತೊಳೆಯುವ ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕರಿ ಹಿಡಿದ ಡಬ್ಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು.

"ಸಾಕಲ್ಲೇನ, ಇಂದಿರಾ?"

"ತಳದಾಗೂ ಅವ್ವನ ಹೆಸರು ಅದ ರೀ. ಹುಡುಕೋ ಆಟ ಭಾಳ ಸೇರ್ತದಲ್ಲ? ಹುಡುಕ್ರಿ!"