ಯಾರೂ ಒದರದ ಕುಕೀ

ಓದದೆ ಒಪ್ಪಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬ್ಯಾಂಕಿನ ಅರ್ಜಿ, ಬಾಡಿಗೆ ಕರಾರು, ಮಗಳ ಶಾಲೆಯ ಸುತ್ತೋಲೆ, ಎಲ್ಲದರ ಕೆಳಗೂ ಕಣ್ಣುಮುಚ್ಚಿ ಸಹಿ ಹಾಕಿದವನು ನಾನು. ಫೋನಿನಲ್ಲಿ ಯಾವ ವೆಬ್‌ಸೈಟು ತೆರೆದರೂ 'ನಾವು ಕುಕೀ ಬಳಸುತ್ತೇವೆ, ಒಪ್ಪಿಗೆಯೇ?' ಎಂದು ಅಡ್ಡ ನಿಲ್ಲುತ್ತದಲ್ಲ, ಅದನ್ನೂ ಸೊಳ್ಳೆ ಹೊಡೆದಂತೆ ಒಂದೇಟು ಒತ್ತಿ ಮುಂದೆ ಹೋಗುತ್ತಿದ್ದೆ. ಅಂಥವನಿಗೇ ನಮ್ಮ ಕಾರ್ಖಾನೆಯ ಕುಕೀ ಪಟ್ಟಿ ಬರೆಯುವ ಕೆಲಸ ಗಂಟುಬಿತ್ತು.

ನಮ್ಮದು ಪೀಣ್ಯದಲ್ಲಿ ಬೋರ್‌ವೆಲ್ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ನಾನಿರುವುದು ಡಿಸ್ಪ್ಯಾಚಿನಲ್ಲಿ. ಆದರೆ ಪ್ರತಿ ನವೆಂಬರ್ ಒಂದರಂದು ಭಾಷಣ ಮಾಡುವ ತಪ್ಪಿಗೆ, ಅಕ್ಷರಕ್ಕೆ ಸಂಬಂಧಪಟ್ಟದ್ದೆಲ್ಲ ನನ್ನ ಮೇಜಿಗೇ ಬರುತ್ತದೆ. ಎರಡು ವರ್ಷದ ಹಿಂದೆ, ವೆಬ್‌ಸೈಟಿನಲ್ಲಿ ಕನ್ನಡವೂ ಇರಬೇಕು, ಪಂಪು ರಿಪೇರಿ ಮಾಡುವವರು ಓದುತ್ತಾರೆ ಎಂದು ಮಾಲೀಕರಾದ ಪ್ರಭಾಕರ್ ಅವರ ಮುಂದೆ ಹಟ ಹಿಡಿದು ಹನ್ನೆರಡು ಪುಟ ಬರೆದುಕೊಟ್ಟಿದ್ದೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇರುವುದು ಅದೊಂದೇ. ಮದುವೆ ಮನೆಗಳಲ್ಲಿ ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತೇನೆ.

ಈಗ ಹೊರದೇಶದ ಖರೀದಿದಾರರೊಬ್ಬರು, ನಿಮ್ಮ ಸೈಟಿನಲ್ಲಿ ಯಾವ ಯಾವ ಕುಕೀ ಇವೆ, ಪಟ್ಟಿ ಹಾಕಿ ಎಂದು ಬರೆದರು. ಪ್ರಭಾಕರ್ ನನ್ನನ್ನು ಕರೆದು, ಬೇಕಾದ್ದು ಉಳಿಸಿ ಮಿಕ್ಕಿದ್ದು ಕಿತ್ತುಹಾಕಿ, ಶನಿವಾರದೊಳಗೆ ಮುಗಿಸಿ ಎಂದರು. ನಾನು ಬಾಗಿಲ ಹತ್ತಿರ ಹೋದ ಮೇಲೆ ಇನ್ನೊಂದು ಸೇರಿಸಿದರು. "ಹಂಗೇ ಆ ನಿಮ್ಮ ಕನ್ನಡ ಪೇಜುಗಳು. ಯಾರೂ ನೋಡ್ತಿಲ್ಲ ಅಂದ್ರೆ ಅವನ್ನೂ ತೆಗೆದ್ಬಿಡೋಣ ಕಣ್ರೀ."

ಕುಕೀ ಎಂದರೆ ಬಿಸ್ಕತ್ತಲ್ಲ. ಆ ಜೋಕನ್ನು ಗೇಟಿನ ಸೆಕ್ಯುರಿಟಿಯವರಿಂದ ಹಿಡಿದು ನನ್ನ ಹೆಂಡತಿಯವರೆಗೆ ಎಲ್ಲರೂ ಹೇಳಿ ಮುಗಿಸಿದ್ದಾರೆ. ಅದು ಸೈಟಿಗೆ ಬಂದವರ ಫೋನಿನಲ್ಲಿ ಸೈಟು ಬಿಟ್ಟುಬರುವ ಒಂದು ಚೀಟಿ, ಮತ್ತೆ ಬಂದಾಗ ಗುರುತು ಹಿಡಿಯುವುದಕ್ಕೆ. ಮಾರ್ಕೆಟಿಂಗ್ ನೋಡುವ ರಮ್ಯಾ ಹುಡುಕಿದರೆ ಅಂಥವು ಹತ್ತೊಂಬತ್ತು ಸಿಕ್ಕವು. ಹೆಸರುಗಳೋ, ಪರೀಕ್ಷೆಯ ರಿಜಿಸ್ಟರ್ ನಂಬರುಗಳ ಹಾಗೆ. ಪ್ರತಿಯೊಂದರ ಮುಂದೆಯೂ ಏನು ಕೆಲಸ, ಎಷ್ಟು ದಿನ ಇರುತ್ತದೆ, ಅತ್ಯಗತ್ಯವೋ ಅಲ್ಲವೋ ಎಂದು ಬರೆಯಬೇಕು. ಹೆಣ್ಣು ಕೊಡುವಾಗ ನಮ್ಮ ಮಾವನವರೂ ನನ್ನನ್ನು ಇಷ್ಟು ವಿಚಾರಿಸಿರಲಿಲ್ಲ. ಒಂದು ಕುಕೀಯಂತೂ, ಸುಮ್ಮನೆ ವಾಲ್ವ್ ನೋಡಿ ಹೋದವನನ್ನು ಎರಡು ವರ್ಷ ನೆನಪಿಟ್ಟುಕೊಳ್ಳುತ್ತದಂತೆ. ನನಗೆ ಭಾವಮೈದುನನ ಮಗಳ ಹೆಸರು ಈಗಲೂ ನಾಲಿಗೆ ತುದಿಯಲ್ಲೇ ನಿಂತುಬಿಡುತ್ತದೆ. ಕನ್ನಡ ಪುಟ ಎಷ್ಟು ಜನ ನೋಡುತ್ತಾರೆ ಎಂದು ಯಾವುದಾದರೂ ಕುಕೀ ಹೇಳುತ್ತದೆಯೇ ಎಂದು ರಮ್ಯಾಳನ್ನು ಮೆಲ್ಲಗೆ ವಿಚಾರಿಸಿದೆ. ಬಂದವರ ತಲೆ ಲೆಕ್ಕ ಸಿಗುತ್ತದೆ, ಭಾಷೆ ಸಿಗುವುದಿಲ್ಲ ಎಂದಳು.

ಹದಿನೆಂಟರ ಕೆಲಸ ಹೇಗೋ ಗೊತ್ತಾಯಿತು. ಒಂದು ಮಾತ್ರ ಏನೆಂದು ಯಾರಿಗೂ ತಿಳಿಯದು. ಸೈಟು ಕಟ್ಟಿಕೊಟ್ಟ ಹುಡುಗರು ಅಂಗಡಿ ಮುಚ್ಚಿ ಎಲ್ಲೋ ಹೋಗಿದ್ದರು. ಆಗ ಟ್ಯೂಬ್‌ಲೈಟ್ ಬದಲಿಸಲು ಏಣಿ ಹತ್ತಿದ್ದ ನಮ್ಮ ಎಲೆಕ್ಟ್ರಿಷಿಯನ್ ಮಲ್ಲಪ್ಪ ಮೇಲಿನಿಂದಲೇ ದಾರಿ ತೋರಿಸಿದರು. ಹಾವೇರಿ ಕಡೆಯವರು, ರಾಜಗೋಪಾಲನಗರದಲ್ಲಿ ಮನೆ.

"ಆರಿಸಿ ನೋಡ್ರಿ ಸರ. ಯಾರು ಒದರ್ತಾರೋ ಅವರದು."

ಇದು ಅವರ ಹಳೆಯ ಪದ್ಧತಿ. ನಮ್ಮ ಶೆಡ್ಡಿನ ಸ್ವಿಚ್ ಬೋರ್ಡಿನಲ್ಲಿ ಚೀಟಿಗಳೆಲ್ಲ ಉದುರಿಹೋಗಿವೆ. ಯಾವ ಸ್ವಿಚ್ಚು ಯಾವುದಕ್ಕೆ ಎಂದು ತಿಳಿಯಬೇಕಾದರೆ ಒಂದನ್ನು ಆರಿಸಿ ಕಿವಿಗೊಟ್ಟು ನಿಲ್ಲುತ್ತಾರೆ. ಕ್ಯಾಂಟೀನಿನಿಂದ ಕೂಗು ಬಂದರೆ ಮಿಕ್ಸಿ, ಮಾಲೀಕರ ಕೋಣೆಯಿಂದ ಬಂದರೆ ಏಸಿ. ಒಮ್ಮೆ ಒಂದನ್ನು ಆರಿಸಿದಾಗ ಎರಡು ದಿನ ಯಾರೂ ಒದರಲಿಲ್ಲ, ಎಲ್ಲರೂ ವಿಪರೀತ ಖುಷಿಯಾಗಿದ್ದರು. ನೋಡಿದರೆ ಅದು ಹಾಜರಿ ಮೆಷಿನ್ನಿನದು. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು.

ಸೋಮವಾರ ಬೆಳಿಗ್ಗೆ ರಮ್ಯಾ ಆ ಕುಕೀಯನ್ನು ಆರಿಸಿದಳು. ಮಂಗಳವಾರ ಸದ್ದಿಲ್ಲ, ಬುಧವಾರ ಸದ್ದಿಲ್ಲ. ನಾನೂ ದಿನಕ್ಕೆ ನಾಲ್ಕು ಸಲ ಸೈಟು ತೆರೆದು ನೋಡಿದೆ, ಎಲ್ಲ ಸರಿಯಾಗಿಯೇ ಇತ್ತು. ಶುಕ್ರವಾರ ಅದರ ಮುಂದೆ 'ಅನಗತ್ಯ, ತೆಗೆಯಲಾಗಿದೆ' ಎಂದು ದೊಡ್ಡ ಅಧಿಕಾರಿಯ ಗತ್ತಿನಲ್ಲಿ ಬರೆದೆ.

ಶನಿವಾರ ಬೆಳಿಗ್ಗೆ ಚಹಾದ ಹೊತ್ತಿಗೆ ಮಲ್ಲಪ್ಪ ಬಂದು, ಒಳ್ಳೆಯ ಫೋನು ಯಾವುದು ತೊಗೋಬೇಕು ಎಂದು ಕೇಳಿದರು. ಯಾರಿಗೆ ಎಂದೆ.

"ನಮ್ಮ ತಮ್ಮಗರಿ. ಊರಾಗ ಪಂಪ್ ರಿಪೇರಿ ಮಾಡ್ತಾನ. ನಮ್ಮ ಸೈಟಿನ್ಯಾಗ ಕನ್ನಡ ಅಂತ ಒತ್ತಿದ್ರ ಒಂದ ಪುಟ ಬರತೈತಂತ, ಮುಂದಿನ ಪುಟಕ್ಕ ಹೋದ್ರ ಮತ್ತ ಇಂಗ್ಲಿಷ್ ಆಗತೈತಂತ. ಸೋಮವಾರದಿಂದ ಹಿಂಗ. ಫೋನ ಕೆಟ್ಟೈತಿ ಅಂತ ಅಂಗಡಿಗೆ ಒಯ್ದು ತೋರಿಸ್ಯಾನ್ರಿ."

ಲೋಟ ಕೆಳಗಿಟ್ಟೆ. ಆ ಕುಕೀ ನೆನಪಿಟ್ಟುಕೊಳ್ಳುತ್ತಿದ್ದದ್ದು ಇಷ್ಟೇ: ಇವರು ಕನ್ನಡ ಕೇಳಿದ್ದಾರೆ. ನನ್ನ ಹನ್ನೆರಡು ಪುಟಕ್ಕೆ ಒಬ್ಬ ಓದುಗ ಇದ್ದಾನೆ ಎಂದು ಕುಣಿಯುವಷ್ಟು ಸಂತೋಷವಾಯಿತು, ಅವನ ಬಾಯಿಂದ ನಾನೇ ಕನ್ನಡ ಕಿತ್ತುಕೊಂಡೆನಲ್ಲ ಎಂದು ಅಷ್ಟೇ ನಾಚಿಕೆಯೂ ಆಯಿತು. ಪಾಪ, ಅವನು ಒದರಲಿಲ್ಲ. ತಪ್ಪು ತನ್ನ ಫೋನಿನದೇ ಎಂದುಕೊಂಡ.

"ನೀವೂ ದಿನಾ ನೋಡ್ತಿದ್ರೆಲ್ರಿ ಸರ, ನಿಮಗ ಗೊತ್ತಾಗಲಿಲ್ಲೇನ್ರಿ?" ಎಂದರು ಮಲ್ಲಪ್ಪ. ನಾನು ಲೋಟ ತೊಳೆಯಲು ಎದ್ದೆ. ನಾನು ನೋಡುತ್ತಿದ್ದದ್ದು ಇಂಗ್ಲಿಷಿನಲ್ಲಿ.

ಕುಕೀಯನ್ನು ಮತ್ತೆ ಹಚ್ಚಿಸಿ, ಅದರ ಮುಂದೆ 'ಅತ್ಯಗತ್ಯ' ಎಂದು ತಿದ್ದಿ ಪಟ್ಟಿಯನ್ನು ಪ್ರಭಾಕರ್ ಅವರಿಗೆ ಒಯ್ದೆ, ನಡೆದದ್ದನ್ನೂ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಹನ್ನೆರಡು ಪೇಜೂ ಒಬ್ಬನಿಗೋಸ್ಕರಾನಾ?" ಎಂದರು.

"ಇಬ್ಬರು ಸಾರ್," ಎಂದೆ.

ಅವರು ನಕ್ಕು, ಇರಲಿ ಬಿಡಿ ಎಂದು ಸಹಿ ಹಾಕಿದರು. ಎರಡನೆಯವರು ಯಾರು ಎಂದು ಕೇಳಲಿಲ್ಲ, ನನ್ನ ಪುಣ್ಯ. ಅವತ್ತು ಊಟದ ಹೊತ್ತಿನಲ್ಲಿ ಗೋದಾಮಿನ ಹಿಂದೆ ಕೂತು, ಸೈಟಿಗೆ ಹಾಕಿದ ಮೇಲೆ ಮೊದಲ ಸಲ ಕನ್ನಡ ಎಂಬ ಗುಂಡಿ ಒತ್ತಿದೆ. ಹನ್ನೆರಡೂ ಪುಟ ಓದಿ ಮುಗಿಸಿದ ಮೇಲೆಯೇ ಬುತ್ತಿ ಬಿಚ್ಚಿದೆ. ಮಾಲೀಕರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ.